ಕಿಡ್ನಿ ಕಾಯಿಲೆ: ಪತ್ತೆಯಿಂದ ಚಿಕಿತ್ಸೆಯವರೆಗೆ ಹಂತ ಹಂತದ ಮಾರ್ಗದರ್ಶಿ

ಮೂತ್ರಪಿಂಡದ ಕಾಯಿಲೆಯ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ಅದು ಸಾಮಾನ್ಯವಾಗಿ ನೋವು ಕೊಡುವುದಿಲ್ಲ. ಸೊಂಟದ ಹತ್ತಿರ ನೋವು ಕಾಣಿಸಿಕೊಂಡ ಕೂಡಲೇ ಕಿಡ್ನಿಗೆ ಏನೋ ಆಗಿದೆ ಎಂದು ಗಾಬರಿಯಾಗುವವರು ಬಹಳ ಮಂದಿ. ಆ ನೋವಿಗೆ ಹೆಚ್ಚಿನ ಸಲ ಸ್ನಾಯು ಅಥವಾ ಬೆನ್ನುಮೂಳೆ ಕಾರಣವಾಗಿರುತ್ತದೆ, ಕೆಲವೊಮ್ಮೆ ಕಿಡ್ನಿ ಕಲ್ಲು ಅಥವಾ ಸೋಂಕು ಕಾರಣವಾಗಿರುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಮುಂದುವರಿಯುವ ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯಾದರೋ, ಕಿಡ್ನಿಯ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಹೋದ ಮೇಲೂ ಯಾವ ಸುಳಿವನ್ನೂ ಕೊಡದೆ ಇರಬಲ್ಲದು. ಕಾಲು ಬಾವು, ಬೆಳಗಿನ ಹೊತ್ತು ಮುಖದ ಊತ, ಊಟ ಸೇರದಿರುವುದು, ವಾಕರಿಕೆ, ಮೈ ತುರಿಕೆ, ಏದುಸಿರು ಇವೆಲ್ಲ ಬಹುಮಟ್ಟಿಗೆ ತಡವಾಗಿ ಬರುವ ಲಕ್ಷಣಗಳು. ಮೂತ್ರ ಚೆನ್ನಾಗಿ ಹೋಗುತ್ತಿದೆ ಎಂಬುದೂ ಭರವಸೆಯ ಮಾತಲ್ಲ, ಏಕೆಂದರೆ ಕಿಡ್ನಿ ಬಹಳಷ್ಟು ಹಾಳಾದ ಮೇಲೂ ಮೂತ್ರದ ಪ್ರಮಾಣ ಮಾಮೂಲಿನಂತೆಯೇ ಇರಬಹುದು. ಹಾಗಾಗಿ ಈ ಕಾಯಿಲೆಯನ್ನು ಲಕ್ಷಣಕ್ಕಾಗಿ ಕಾಯದೆ, ಪರೀಕ್ಷೆಯಿಂದಲೇ ಹಿಡಿಯಬೇಕು. ಆ ಪರೀಕ್ಷೆಗಳು ಸರಳವಾಗಿವೆ, ಆದರೆ ಅವುಗಳನ್ನು ಸರಿಯಾಗಿ ಓದುವುದು ಗೊತ್ತಿರಬೇಕು.

ಕಿಡ್ನಿ ಸವೆಯುವುದು ಹೇಗೆ

ಬೆನ್ನುಮೂಳೆಯ ಎರಡೂ ಬದಿಗಳಲ್ಲಿ, ಕೆಳಗಿನ ಪಕ್ಕೆಲುಬುಗಳ ಮಟ್ಟದಲ್ಲಿರುವ ಮೂತ್ರಪಿಂಡಗಳು ತಲಾ 10ರಿಂದ 12 ಸೆಂಟಿಮೀಟರ್ ಉದ್ದವಿರುತ್ತವೆ. ಗಾತ್ರದಲ್ಲಿ ಸಣ್ಣವಾದರೂ ಹೃದಯ ಹೊರದೂಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಭಾಗ ಇವುಗಳ ಮೂಲಕ ಹರಿಯುತ್ತದೆ. ಒಂದೊಂದು ಕಿಡ್ನಿಯಲ್ಲೂ ಸರಾಸರಿ ಹತ್ತು ಲಕ್ಷದಷ್ಟು ನೆಫ್ರಾನ್‌ಗಳೆಂಬ ಸೂಕ್ಷ್ಮ ಘಟಕಗಳಿದ್ದು, ಪ್ರತಿಯೊಂದರ ತುದಿಯಲ್ಲೂ ಜರಡಿಯಂತೆ ಕೆಲಸ ಮಾಡುವ ರಕ್ತನಾಳಗಳ ಗುಚ್ಛವಿರುತ್ತದೆ. ಇವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಬಹುಪಾಲನ್ನು ದೇಹಕ್ಕೆ ಮರಳಿಸಿ, ಒಂದೆರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಕಲ್ಮಶ ತೆಗೆಯುವುದಷ್ಟೇ ಕಿಡ್ನಿಯ ಕೆಲಸವಲ್ಲ. ರಕ್ತದೊತ್ತಡ, ಪೊಟ್ಯಾಸಿಯಂ ಮತ್ತು ಆಮ್ಲದ ಸಮತೋಲವನ್ನು ಅದೇ ಕಾಯುತ್ತದೆ, ಕೆಂಪು ರಕ್ತಕಣಗಳ ಉತ್ಪತ್ತಿಗೆ ಬೇಕಾದ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ, ವಿಟಮಿನ್ ಡಿಯನ್ನು ದೇಹ ಬಳಸಬಲ್ಲ ರೂಪಕ್ಕೆ ತರುತ್ತದೆ. ಕಿಡ್ನಿ ರೋಗಿಗಳಲ್ಲಿ ರಕ್ತಹೀನತೆಯೂ ಮೂಳೆಯ ತೊಂದರೆಯೂ ಕಾಣುವುದು ಇದರಿಂದಲೇ.

ಒಮ್ಮೆ ನಾಶವಾದ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಉಳಿದವು ಅದರ ಪಾಲಿನ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಆರಂಭದಲ್ಲಿ ಲಕ್ಷಣಗಳು ಕಾಣದಿರುವುದಕ್ಕೆ ಇದೇ ಕಾರಣ. ಆದರೆ ಹೀಗೆ ಹೆಚ್ಚು ಹೊರೆ ಹೊತ್ತ ನೆಫ್ರಾನ್‌ಗಳ ಒಳಗಿನ ಒತ್ತಡ ಏರುತ್ತದೆ, ಆ ಒತ್ತಡದಿಂದ ಅವೂ ಕಾಲಕ್ರಮದಲ್ಲಿ ಸವೆಯುತ್ತವೆ. ಮೂಲ ಕಾರಣ ಹತೋಟಿಗೆ ಬಂದ ನಂತರವೂ ಕಾಯಿಲೆ ಮುಂದುವರಿಯಬಲ್ಲದು ಎಂಬುದನ್ನು, ಇಂದಿನ ಮುಖ್ಯ ಔಷಧಗಳು ಈ ಒಳಒತ್ತಡವನ್ನೇ ಇಳಿಸಲು ಯತ್ನಿಸುತ್ತವೆ ಎಂಬುದನ್ನು ಅರಿಯಲು ಇಷ್ಟು ತಿಳಿದಿದ್ದರೆ ಸಾಕು.

ಮೊದಲ ಹೆಜ್ಜೆ: ಪರೀಕ್ಷೆ ಯಾರಿಗೆ ಬೇಕು

ಜಗತ್ತಿನಾದ್ಯಂತ ದೀರ್ಘಕಾಲದ ಕಿಡ್ನಿ ಕಾಯಿಲೆಗೆ ಎರಡು ದೊಡ್ಡ ಕಾರಣಗಳೆಂದರೆ ಸಕ್ಕರೆ ಕಾಯಿಲೆ ಮತ್ತು ಅಧಿಕ ರಕ್ತದೊತ್ತಡ. ಇವೆರಡರಲ್ಲಿ ಒಂದಿದ್ದರೂ ವರ್ಷಕ್ಕೊಮ್ಮೆ ಕಿಡ್ನಿ ಪರೀಕ್ಷೆ ಮಾಡಿಸಬೇಕು. ಎರಡನೇ ವಿಧದ ಸಕ್ಕರೆ ಕಾಯಿಲೆ ಇರುವವರು ಅದು ಪತ್ತೆಯಾದ ದಿನದಿಂದಲೇ, ಮೊದಲನೇ ವಿಧದವರು ಐದು ವರ್ಷಗಳ ನಂತರ ಇದನ್ನು ಆರಂಭಿಸಬೇಕು. ಹೃದ್ರೋಗ ಇರುವವರು, ಬೊಜ್ಜು ಇರುವವರು, ಹತ್ತಿರದ ಸಂಬಂಧಿಕರಲ್ಲಿ ಕಿಡ್ನಿ ವೈಫಲ್ಯ ಕಂಡವರು, ಪದೇ ಪದೇ ಕಲ್ಲು ಅಥವಾ ಮೂತ್ರದ ಸೋಂಕು ಆಗುವವರು, ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆಯವರು, ನೋವಿನ ಮಾತ್ರೆಗಳನ್ನು ದೀರ್ಘಕಾಲ ನುಂಗಿದವರು, ಒಮ್ಮೆ ಕಿಡ್ನಿ ಹಠಾತ್ತನೆ ಕೆಲಸ ನಿಲ್ಲಿಸಿ ಚೇತರಿಸಿಕೊಂಡವರು, ಗರ್ಭಾವಸ್ಥೆಯಲ್ಲಿ ರಕ್ತದೊತ್ತಡ ಏರಿದ್ದ ಮಹಿಳೆಯರು ಇವರೂ ಇದೇ ಗುಂಪಿಗೆ ಸೇರುತ್ತಾರೆ. ಕಿಡ್ನಿಗಳಲ್ಲಿ ನೀರುಗುಳ್ಳೆಗಳು ಬೆಳೆಯುವ ಪಾಲಿಸಿಸ್ಟಿಕ್ ಕಾಯಿಲೆಯ ಸಾಮಾನ್ಯ ಬಗೆ ತಂದೆ ಅಥವಾ ತಾಯಿಗಿದ್ದರೆ, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50ರಷ್ಟಿರುತ್ತದೆ.

ಎರಡನೇ ಹೆಜ್ಜೆ: ರಕ್ತ ಮತ್ತು ಮೂತ್ರ, ಎರಡನ್ನೂ ಪರೀಕ್ಷಿಸಿ

ಬಹಳ ಕಡೆ ಕಿಡ್ನಿ ಪರೀಕ್ಷೆ ಎಂದರೆ ರಕ್ತದ ಕ್ರಿಯಾಟಿನಿನ್ ನೋಡಿಸುವುದು ಎಂದಷ್ಟೇ ಅರ್ಥವಾಗಿಬಿಟ್ಟಿದೆ. ಇದು ಅರೆಬರೆ ಪರೀಕ್ಷೆ. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ತ್ಯಾಜ್ಯವಾದ್ದರಿಂದ ಅದರ ಮಟ್ಟವು ವ್ಯಕ್ತಿಯ ಸ್ನಾಯುಬಲ, ವಯಸ್ಸು, ಲಿಂಗ ಇವುಗಳನ್ನು ಅವಲಂಬಿಸಿರುತ್ತದೆ. ಆದ್ದರಿಂದ ಆ ಅಂಕಿಯನ್ನು ವಯಸ್ಸು ಮತ್ತು ಲಿಂಗದೊಂದಿಗೆ ಸೇರಿಸಿ, ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿದೆ ಎಂಬ ಅಂದಾಜನ್ನು ಲೆಕ್ಕ ಹಾಕುತ್ತಾರೆ. ವರದಿಯಲ್ಲಿ ಇಜಿಎಫ್ಆರ್ ಎಂದು ಬರೆದಿರುವುದು ಇದನ್ನೇ.

ಒಂದು ಉದಾಹರಣೆ ನೋಡೋಣ. 25 ವರ್ಷದ ಯುವಕ ಮತ್ತು 70 ವರ್ಷದ ಮಹಿಳೆ, ಇಬ್ಬರ ಕ್ರಿಯಾಟಿನಿನ್ ಕೂಡ ಡೆಸಿಲೀಟರ್‌ಗೆ 1.2 ಮಿಲಿಗ್ರಾಂ ಇದೆ ಎಂದುಕೊಳ್ಳಿ. ಈಗ ಬಳಕೆಯಲ್ಲಿರುವ 2021ರ ಸೂತ್ರದಂತೆ ಲೆಕ್ಕ ಹಾಕಿದರೆ ಯುವಕನ ಇಜಿಎಫ್ಆರ್ ಸುಮಾರು 86 ಬರುತ್ತದೆ, ಮಹಿಳೆಯದು ಸುಮಾರು 49. ಅಂಕಿ ಒಂದೇ ಆದರೂ ಆತನ ಕಿಡ್ನಿಯ ಸೋಸುವ ಶಕ್ತಿಯಲ್ಲಿ ಚಿಂತಿಸುವಂಥದ್ದೇನೂ ಇಲ್ಲ, ಆಕೆಯದು ಅದಾಗಲೇ ಮೂರನೇ ಹಂತದ ಮಟ್ಟದಲ್ಲಿದೆ. ಇನ್ನೊಂದು ಸಂದರ್ಭ: 50ರ ಆಸುಪಾಸಿನ ಮಹಿಳೆಯೊಬ್ಬರ ಕ್ರಿಯಾಟಿನಿನ್ 0.7ರಿಂದ 1.1ಕ್ಕೆ ಏರಿದರೆ, ಅನೇಕ ಪ್ರಯೋಗಾಲಯಗಳ ವರದಿಯಲ್ಲಿ ಎರಡೂ ಅಂಕಿಗಳು ಸಹಜ ಮಿತಿಯೊಳಗೇ ಕಾಣುತ್ತವೆ. ಆದರೆ ಇಜಿಎಫ್ಆರ್ ಸುಮಾರು 105ರಿಂದ 61ಕ್ಕೆ ಕುಸಿದಿರುತ್ತದೆ. ಹಳೆಯ ವರದಿಗಳನ್ನು ಬಿಸಾಡದೆ ದಿನಾಂಕದ ಪ್ರಕಾರ ಒಂದೇ ಕಡತದಲ್ಲಿ ಇಟ್ಟುಕೊಳ್ಳಿ ಎಂದು ಒತ್ತಿ ಹೇಳುವುದು ಇದಕ್ಕಾಗಿ. ಒಂದು ವರದಿ ಇಂದಿನ ಸ್ಥಿತಿಯನ್ನಷ್ಟೇ ಹೇಳುತ್ತದೆ, ಐದು ವರ್ಷಗಳ ವರದಿಗಳು ಕಾಯಿಲೆ ಯಾವ ವೇಗದಲ್ಲಿ ಸಾಗುತ್ತಿದೆ ಎಂಬುದನ್ನು ಹೇಳುತ್ತವೆ, ಮತ್ತು ಚಿಕಿತ್ಸೆಯ ನಿರ್ಧಾರಗಳಿಗೆ ಆ ವೇಗವೇ ಹೆಚ್ಚು ಮುಖ್ಯ. ಪರೀಕ್ಷೆಯ ಹಿಂದಿನ ರಾತ್ರಿ ಹೆಚ್ಚು ಮಾಂಸ ತಿಂದಿದ್ದರೆ ಅಥವಾ ಸ್ನಾಯು ಬೆಳೆಸಲು ಬಳಸುವ ಕ್ರಿಯಾಟಿನ್ ಪುಡಿ ಸೇವಿಸುತ್ತಿದ್ದರೆ ಅಂಕಿ ಏರಿ ಕಾಣಬಹುದು. ತೀರಾ ಕೃಶರಾದವರಲ್ಲಿ ಅದು ಇರಬೇಕಾದ್ದಕ್ಕಿಂತ ಕಡಿಮೆ ಕಾಣಬಹುದು. ಇಂಥ ಸಂದರ್ಭಗಳಲ್ಲಿ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ರಕ್ತಪರೀಕ್ಷೆ ನೆರವಿಗೆ ಬರುತ್ತದೆ.

ಮೂತ್ರಪರೀಕ್ಷೆಯಲ್ಲಿ ನೋಡಬೇಕಾದ್ದು ಅಲ್ಬುಮಿನ್ ಎಂಬ ಪ್ರೋಟೀನು. ಆರೋಗ್ಯವಾದ ಕಿಡ್ನಿ ಇದನ್ನು ಹೊರಗೆ ಬಿಡುವುದಿಲ್ಲ. ಸೋಸುವ ಶಕ್ತಿ ಇನ್ನೂ ಪೂರ್ತಿ ಇರುವಾಗಲೇ ಅಲ್ಬುಮಿನ್ ಸೋರಿಕೆ ಆರಂಭವಾಗಬಹುದು, ಆದ್ದರಿಂದ ವಿಶೇಷವಾಗಿ ಸಕ್ಕರೆ ಕಾಯಿಲೆಯವರಲ್ಲಿ ಇದೇ ಮೊದಲ ಎಚ್ಚರಿಕೆ. ಬಣ್ಣದ ಪಟ್ಟಿ ಅದ್ದಿ ನೋಡುವ ಸಾಮಾನ್ಯ ಪರೀಕ್ಷೆಗೆ ಸಣ್ಣ ಪ್ರಮಾಣದ ಸೋರಿಕೆ ಸಿಗುವುದಿಲ್ಲ. ಹಾಗಾಗಿ ಮೂತ್ರದ ಅಲ್ಬುಮಿನ್ ಮತ್ತು ಕ್ರಿಯಾಟಿನಿನ್‌ಗಳ ಅನುಪಾತ, ಅಂದರೆ ಎಸಿಆರ್ ಪರೀಕ್ಷೆಯನ್ನೇ ಹೆಸರು ಹೇಳಿ ಕೇಳಬೇಕು. ಬೆಳಗ್ಗೆ ಎದ್ದ ಕೂಡಲೇ ಹೋಗುವ ಮೂತ್ರದ ಮಾದರಿ ಇದಕ್ಕೆ ಒಳ್ಳೆಯದು. ಜ್ವರ, ಮೂತ್ರದ ಸೋಂಕು, ಮುಟ್ಟು, ಹಿಂದಿನ ದಿನದ ಕಠಿಣ ವ್ಯಾಯಾಮ ಇವು ಫಲಿತಾಂಶವನ್ನು ಕೆಡಿಸುವುದರಿಂದ ಆ ದಿನಗಳನ್ನು ಬಿಟ್ಟು ಮಾಡಿಸುವುದು ಮೇಲು. ಮೂತ್ರದಲ್ಲಿ ನೊರೆ ಬಹಳ ಹೊತ್ತು ನಿಲ್ಲುತ್ತಿದ್ದರೆ ವರ್ಷದ ಪರೀಕ್ಷೆಗೆ ಕಾಯದೆ ಕೂಡಲೇ ಮಾಡಿಸಿ.

ಮೂರನೇ ಹೆಜ್ಜೆ: ಮೂರು ತಿಂಗಳ ನಂತರ ಖಚಿತಪಡಿಸಿಕೊಳ್ಳಿ

ಒಂದೇ ವರದಿಯ ಆಧಾರದ ಮೇಲೆ ದೀರ್ಘಕಾಲದ ಕಾಯಿಲೆ ಎಂಬ ತೀರ್ಮಾನಕ್ಕೆ ಬರುವಂತಿಲ್ಲ. ಇಜಿಎಫ್ಆರ್ 60ಕ್ಕಿಂತ ಕೆಳಗಿರುವುದು, ಅಥವಾ ಎಸಿಆರ್ ಗ್ರಾಂಗೆ 30 ಮಿಲಿಗ್ರಾಂ ಇಲ್ಲವೇ ಅದಕ್ಕಿಂತ ಹೆಚ್ಚಿರುವುದು, ಅಥವಾ ಕಿಡ್ನಿಗೆ ಹಾನಿಯಾಗಿರುವುದಕ್ಕೆ ಬೇರೆ ಪುರಾವೆ ಇರುವುದು, ಇವುಗಳಲ್ಲಿ ಒಂದಾದರೂ ಕನಿಷ್ಠ ಮೂರು ತಿಂಗಳು ಮುಂದುವರಿದಿದ್ದರೆ ಮಾತ್ರ ಅದನ್ನು ದೀರ್ಘಕಾಲದ ಕಾಯಿಲೆ ಎನ್ನುತ್ತಾರೆ. ಹಂತಗಳನ್ನು ಇಜಿಎಫ್ಆರ್ ಮೇಲೆ ನಿರ್ಧರಿಸುತ್ತಾರೆ: 90 ಮತ್ತು ಮೇಲಿದ್ದರೆ ಮೊದಲನೆಯದು, 60ರಿಂದ 89 ಎರಡನೆಯದು, 30ರಿಂದ 59 ಮೂರನೆಯದು, 15ರಿಂದ 29 ನಾಲ್ಕನೆಯದು, 15ಕ್ಕಿಂತ ಕೆಳಗೆ ಐದನೆಯದು. ಮೊದಲ ಎರಡು ಹಂತಗಳಲ್ಲಿ ಅಲ್ಬುಮಿನ್ ಸೋರಿಕೆಯಂಥ ಹಾನಿಯ ಗುರುತು ಇದ್ದರೆ ಮಾತ್ರ ಕಾಯಿಲೆ. ಎಸಿಆರ್ 300 ದಾಟಿದ್ದರೆ ಸೋಸುವ ಶಕ್ತಿ ಚೆನ್ನಾಗಿದ್ದರೂ ಅಪಾಯ ಹೆಚ್ಚು. ಹಂತದ ಸಂಖ್ಯೆಯನ್ನು ಮಾತ್ರ ನೋಡಿ ಸಮಾಧಾನಪಡುವುದಾಗಲಿ ಧೃತಿಗೆಡುವುದಾಗಲಿ ಸಲ್ಲದು. ಮೂರನೇ ಹಂತದಲ್ಲಿರುವ ಬಹುಪಾಲು ಜನರಿಗೆ ಡಯಾಲಿಸಿಸ್ ಬೇಕಾಗುವ ಸ್ಥಿತಿ ಬರುವುದೇ ಇಲ್ಲ. ಅವರಿಗೆ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವೇ ಹೆಚ್ಚು, ಆದ್ದರಿಂದ ಧೂಮಪಾನ ಬಿಡುವುದು ಮತ್ತು ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುವುದು ಕೂಡ ಕಿಡ್ನಿ ಚಿಕಿತ್ಸೆಯ ಭಾಗವೇ ಆಗಿದೆ.

ಕೆಲವೇ ದಿನಗಳಲ್ಲಿ ಕ್ರಿಯಾಟಿನಿನ್ ಏರಿದ್ದರೆ ಮೂರು ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ. ತೀವ್ರ ವಾಂತಿ ಭೇದಿ, ಸೋಂಕು, ಕೆಲವು ಔಷಧಗಳು, ಮೂತ್ರದ ದಾರಿಯ ತಡೆ ಇವುಗಳಿಂದ ಕಿಡ್ನಿ ಹಠಾತ್ತನೆ ಕೆಲಸ ನಿಲ್ಲಿಸಬಹುದು. ಇದು ತುರ್ತು ಸ್ಥಿತಿ, ಕಾರಣವನ್ನು ಬೇಗ ಸರಿಪಡಿಸಿದರೆ ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ.

ನಾಲ್ಕನೇ ಹೆಜ್ಜೆ: ಕಾರಣ ಹುಡುಕುವುದು

ಸಕ್ಕರೆ ಕಾಯಿಲೆ ಇರುವವರ ಕಿಡ್ನಿ ತೊಂದರೆಗೆಲ್ಲ ಸಕ್ಕರೆಯೇ ಕಾರಣ ಎಂದು ಊಹಿಸಿ ಸುಮ್ಮನಾಗುವುದು ಸರಿಯಲ್ಲ. ಅಲ್ಟ್ರಾಸೌಂಡ್ ಮಾಡಿದರೆ ಕಿಡ್ನಿಗಳ ಗಾತ್ರ, ನೀರುಗುಳ್ಳೆ, ಕಲ್ಲು, ದೊಡ್ಡದಾದ ಪ್ರಾಸ್ಟೇಟ್‌ನಿಂದ ಮೂತ್ರ ಹಿಂದಕ್ಕೆ ಒತ್ತುತ್ತಿರುವುದು ಇವೆಲ್ಲ ಗೊತ್ತಾಗುತ್ತವೆ. ಕಿಡ್ನಿಗಳು ಕುಗ್ಗಿದ್ದರೆ ಕಾಯಿಲೆ ಹಳೆಯದು ಎಂದು ತಿಳಿಯಬಹುದು. ಆದರೆ ಅಲ್ಟ್ರಾಸೌಂಡ್ ಸಹಜವಾಗಿದೆ ಎಂದ ಮಾತ್ರಕ್ಕೆ ಕಿಡ್ನಿ ಆರೋಗ್ಯವಾಗಿದೆ ಎಂದು ಹೇಳಲಾಗದು, ಏಕೆಂದರೆ ಅದು ಆಕಾರವನ್ನು ತೋರಿಸುತ್ತದೆ, ಕೆಲಸವನ್ನಲ್ಲ. ಮೂತ್ರದಲ್ಲಿ ಪ್ರೋಟೀನ್ ಜೊತೆಗೆ ರಕ್ತಕಣಗಳೂ ಇದ್ದರೆ, ಅಥವಾ ಕಾರಣವೇ ತಿಳಿಯದೆ ಕಿಡ್ನಿ ವೇಗವಾಗಿ ಕುಸಿಯುತ್ತಿದ್ದರೆ ಬಯಾಪ್ಸಿ ಬೇಕಾಗಬಹುದು. ಚರ್ಮವನ್ನು ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡಿಕೊಂಡು, ತೆಳು ಸೂಜಿಯಿಂದ ಕಿಡ್ನಿಯ ಚೂರನ್ನು ತೆಗೆಯುತ್ತಾರೆ. ನಂತರ ಕೆಲವು ಗಂಟೆ ಅಲುಗಾಡದೆ ಮಲಗಿರಬೇಕು. ರಕ್ತಸ್ರಾವದ ಅಪಾಯ ಸ್ವಲ್ಪ ಇದೆ, ಆದ್ದರಿಂದ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನುಂಗುತ್ತಿದ್ದರೆ ಮೊದಲೇ ತಿಳಿಸಬೇಕು. ಐಜಿಎ ನೆಫ್ರೋಪತಿ, ಲೂಪಸ್‌ನಂಥ ಉರಿಯೂತದ ಕಾಯಿಲೆಗಳಿಗೆ ಚಿಕಿತ್ಸೆಯೇ ಬೇರೆಯಾದ್ದರಿಂದ, ವೈದ್ಯರು ಸೂಚಿಸಿದಾಗ ಬಯಾಪ್ಸಿಯನ್ನು ಹೆದರಿ ಮುಂದೂಡಬಾರದು.

ಐದನೇ ಹೆಜ್ಜೆ: ಸವೆತದ ವೇಗ ತಗ್ಗಿಸುವುದು

ಚಿಕಿತ್ಸೆಯ ಗುರಿ ಕ್ರಿಯಾಟಿನಿನ್ ಅಂಕಿಯನ್ನು ಇಳಿಸುವುದಲ್ಲ, ಉಳಿದಿರುವ ನೆಫ್ರಾನ್‌ಗಳನ್ನು ಉಳಿಸಿಕೊಳ್ಳುವುದು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ, ಕ್ರಿಯಾಟಿನಿನ್ ಇಳಿಸಿಕೊಡುತ್ತೇವೆ ಎಂಬ ಜಾಹೀರಾತುಗಳ ಹಿಂದೆ ಹೋಗಿ ಹಣವನ್ನೂ ಕಿಡ್ನಿಯನ್ನೂ ಕಳೆದುಕೊಳ್ಳುವುದು ತಪ್ಪುತ್ತದೆ. ಸೀಸ, ಪಾದರಸದಂಥ ಲೋಹಗಳಿರುವ ಅಥವಾ ಏನಿದೆಯೆಂದೇ ಬರೆಯದ ಗುಳಿಗೆ ಮತ್ತು ಪುಡಿಗಳು ಕಿಡ್ನಿಗೆ ನೇರ ಹಾನಿ ಮಾಡಬಲ್ಲವು.

ಮೊದಲು ರಕ್ತದೊತ್ತಡ. ಹೆಚ್ಚಿನವರಿಗೆ 130/80ಕ್ಕಿಂತ ಕೆಳಗಿಡಲು ವೈದ್ಯರು ಯತ್ನಿಸುತ್ತಾರೆ. ಮನೆಯಲ್ಲೇ ನೋಡಿಕೊಳ್ಳುವುದಾದರೆ ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಕಾಲ ಮೇಲೆ ಕಾಲು ಹಾಕದೆ ಪಾದಗಳನ್ನು ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕುಳಿತುಕೊಳ್ಳಿ. ಪಟ್ಟಿಯನ್ನು ಬಟ್ಟೆಯ ಮೇಲಲ್ಲದೆ ತೋಳಿನ ಮೇಲೆಯೇ ಸುತ್ತಿ, ಕೈಯನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಬರೆದಿಡಿ. ಹೀಗೆ ಒಂದು ವಾರ ಬರೆದ ಅಂಕಿಗಳು ಆಸ್ಪತ್ರೆಯಲ್ಲಿ ಅವಸರದಲ್ಲಿ ನೋಡಿದ ಒಂದು ಅಂಕಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಅಲ್ಬುಮಿನ್ ಸೋರುತ್ತಿರುವವರಿಗೆ ರಾಮಿಪ್ರಿಲ್, ಎನಲಾಪ್ರಿಲ್ ಅಥವಾ ಲೊಸಾರ್ಟಾನ್, ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆಗಳು ಮೊದಲ ಆಯ್ಕೆ. ಇವು ನೆಫ್ರಾನಿನ ಒಳಒತ್ತಡವನ್ನು ಇಳಿಸಿ ಸೋರಿಕೆಯನ್ನು ತಗ್ಗಿಸುತ್ತವೆ. ಶುರು ಮಾಡಿದ ಎರಡರಿಂದ ನಾಲ್ಕು ವಾರಗಳೊಳಗೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷಿಸಬೇಕು. ಆಗ ಕ್ರಿಯಾಟಿನಿನ್ ಸ್ವಲ್ಪ ಏರಿದ್ದನ್ನು ಕಂಡು ಮಾತ್ರೆಯೇ ಕಿಡ್ನಿ ಕೆಡಿಸುತ್ತಿದೆ ಎಂದು ತಾವಾಗಿಯೇ ನಿಲ್ಲಿಸುವವರಿದ್ದಾರೆ. ಶೇ. 30ರವರೆಗಿನ ಏರಿಕೆ ನಿರೀಕ್ಷಿತವೇ ಆಗಿದ್ದು, ಒತ್ತಡ ಇಳಿದದ್ದರ ಗುರುತು ಅದು. ಗರ್ಭಿಣಿಯರು ಮತ್ತು ಗರ್ಭ ಧರಿಸಲು ಯೋಚಿಸುತ್ತಿರುವವರು ಮಾತ್ರ ಈ ಮಾತ್ರೆಗಳ ಬಗ್ಗೆ ವೈದ್ಯರೊಂದಿಗೆ ಮೊದಲೇ ಮಾತಾಡಬೇಕು, ಇವು ಭ್ರೂಣಕ್ಕೆ ಹಾನಿಕರ. ಮೂಲತಃ ಸಕ್ಕರೆ ಕಾಯಿಲೆಗೆಂದು ಬಂದ ಡಪಾಗ್ಲಿಫ್ಲೋಜಿನ್ ಮತ್ತು ಎಂಪಾಗ್ಲಿಫ್ಲೋಜಿನ್‌ಗಳು ಸಕ್ಕರೆ ಕಾಯಿಲೆ ಇಲ್ಲದ ಅನೇಕ ಕಿಡ್ನಿ ರೋಗಿಗಳಲ್ಲೂ ಸವೆತವನ್ನು ನಿಧಾನಗೊಳಿಸುತ್ತವೆ ಎಂಬುದು 2020ರ ನಂತರದ ದೊಡ್ಡ ಅಧ್ಯಯನಗಳಲ್ಲಿ ದೃಢಪಟ್ಟಿದೆ. ಸಕ್ಕರೆ ಕಾಯಿಲೆಯೊಂದಿಗೆ ಅಲ್ಬುಮಿನ್ ಸೋರಿಕೆ ಇರುವವರಿಗೆ ಫಿನರಿನೋನ್ ಮತ್ತು ಸೆಮಾಗ್ಲುಟೈಡ್ ಕೂಡ ಈಗ ಆಯ್ಕೆಗಳಾಗಿವೆ. ಇವುಗಳಲ್ಲಿ ನಿಮಗೆ ಯಾವುದು ಸೂಕ್ತ ಎಂದು ಕೇಳುವುದು ನಿಮ್ಮ ಹಕ್ಕು.

ತಪ್ಪಿಸಬೇಕಾದ ಔಷಧಗಳಲ್ಲಿ ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್, ನ್ಯಾಪ್ರೊಕ್ಸೆನ್ ಬಗೆಯ ನೋವಿನ ಮಾತ್ರೆಗಳು ಮೊದಲು ನಿಲ್ಲುತ್ತವೆ. ನೋವಿಗೆ ಸರಿಯಾದ ಪ್ರಮಾಣದ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಹೆಚ್ಚು ಸುರಕ್ಷಿತ. ಇನ್ನೊಂದು ಎಚ್ಚರಿಕೆ ಅಷ್ಟೇ ಮುಖ್ಯವಾದರೂ ಹೆಚ್ಚಿನವರಿಗೆ ಯಾರೂ ಹೇಳಿರುವುದಿಲ್ಲ: ವಾಂತಿ ಭೇದಿಯಿಂದ ದೇಹದ ನೀರು ಕಡಿಮೆಯಾದ ದಿನಗಳಲ್ಲಿ ಮೇಲೆ ಹೇಳಿದ ಬಿಪಿ ಮಾತ್ರೆಗಳು, ಮೂತ್ರ ಹೆಚ್ಚಿಸುವ ಮಾತ್ರೆಗಳು, ಮೆಟ್‌ಫಾರ್ಮಿನ್ ಮತ್ತು ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಯಾವುದನ್ನು ಯಾವಾಗ ನಿಲ್ಲಿಸಿ ಯಾವಾಗ ಮತ್ತೆ ಶುರು ಮಾಡಬೇಕು ಎಂದು ಆರೋಗ್ಯವಾಗಿರುವಾಗಲೇ ವೈದ್ಯರಿಂದ ಬರೆಸಿಟ್ಟುಕೊಳ್ಳಿ.

ಊಟ ಮತ್ತು ನೀರು

ಎಲ್ಲ ಹಂತದವರಿಗೂ ಅನ್ವಯಿಸುವ ಸಲಹೆ ಒಂದೇ, ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ. ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ, ಅದೂ ಸಿದ್ಧ ಆಹಾರದಲ್ಲಿ ಅಡಗಿರುವ ಉಪ್ಪನ್ನು ಸೇರಿಸಿ. ಸೋಡಿಯಂ ಕಡಿಮೆ ಇರುವ ಉಪ್ಪು ಎಂದು ಮಾರುವ ಪೊಟ್ಟಣಗಳಲ್ಲಿ ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುವುದರಿಂದ ಕಿಡ್ನಿ ರೋಗಿಗಳಿಗೆ ಅದು ಅಪಾಯಕಾರಿಯಾಗಬಹುದು. ಮೂರನೇ ಹಂತದಿಂದ ಮುಂದೆ, ಡಯಾಲಿಸಿಸ್ ಇಲ್ಲದವರಿಗೆ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕು. ಡಯಾಲಿಸಿಸ್ ಶುರುವಾದ ಮೇಲೆ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. ಹಣ್ಣು, ತರಕಾರಿ, ಬೇಳೆಗಳನ್ನು ಎಲ್ಲರೂ ಬಿಡಬೇಕೆಂಬುದು ತಪ್ಪು. ರಕ್ತದಲ್ಲಿ ಪೊಟ್ಯಾಸಿಯಂ ಏರಿದ್ದರೆ ಮಾತ್ರ ಬಾಳೆಹಣ್ಣು, ಕಿತ್ತಳೆ, ಆಲೂಗಡ್ಡೆ, ಟೊಮ್ಯಾಟೊಗಳಂಥವನ್ನು ಮಿತಿಗೊಳಿಸಬೇಕು. ಸ್ಟಾರ್ ಫ್ರೂಟ್ ಎಂದು ಮಾರುವ ಹಣ್ಣನ್ನಂತೂ ಕಿಡ್ನಿ ಕಾಯಿಲೆಯವರು ಮುಟ್ಟಬಾರದು, ಅದರಲ್ಲಿರುವ ವಿಷ ಮಿದುಳಿಗೆ ಏರುತ್ತದೆ. ಬಿಂದಿಗೆಗಟ್ಟಲೆ ನೀರು ಕುಡಿದರೆ ಕಿಡ್ನಿ ಶುದ್ಧವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಕಲ್ಲಿನ ತೊಂದರೆ ಇರುವವರಿಗೆ ಹೆಚ್ಚು ನೀರು ಒಳ್ಳೆಯದು, ಬಾವು ಇರುವವರಿಗೆ ಅದೇ ಹಾನಿ.

ಆರನೇ ಹೆಜ್ಜೆ: ಇಜಿಎಫ್ಆರ್ 30ಕ್ಕಿಂತ ಕೆಳಗಿಳಿದಾಗ

ಈ ಹೊತ್ತಿಗೆ ನೆಫ್ರಾಲಜಿಸ್ಟ್ ಅಂದರೆ ಮೂತ್ರಪಿಂಡ ತಜ್ಞರ ನಿಗಾ ಇರಲೇಬೇಕು. ಹಿಮೋಗ್ಲೋಬಿನ್, ಕಬ್ಬಿಣಾಂಶ, ಬೈಕಾರ್ಬೊನೇಟ್, ಕ್ಯಾಲ್ಸಿಯಂ, ರಂಜಕ ಇವುಗಳನ್ನು ನಿಯತವಾಗಿ ನೋಡಿ, ಕೊರತೆ ಇದ್ದದ್ದನ್ನು ತುಂಬುತ್ತಾರೆ. ಹೆಪಟೈಟಿಸ್ ಬಿ ಲಸಿಕೆಯನ್ನು ಈಗಲೇ ಹಾಕಿಸಿಕೊಳ್ಳಬೇಕು, ತಡವಾದಷ್ಟೂ ಅದರ ಪರಿಣಾಮ ಕಡಿಮೆ. ಬರೆಯಲು ಬಳಸದ ಕೈಯ ರಕ್ತನಾಳಗಳನ್ನು ಕಾಪಾಡಿಕೊಳ್ಳಿ: ಆ ಕೈಯಿಂದ ರಕ್ತ ತೆಗೆಯದಂತೆ, ಸೂಜಿ ಚುಚ್ಚದಂತೆ ಆಸ್ಪತ್ರೆಯವರಿಗೆ ನೀವೇ ಹೇಳಬೇಕು. ಮುಂದೆ ಡಯಾಲಿಸಿಸ್ ಬೇಕಾದರೆ ಅಭಿಧಮನಿಯನ್ನು ಅಪಧಮನಿಗೆ ಜೋಡಿಸುವ ಫಿಸ್ಟುಲಾವನ್ನು ಮಾಡುವುದು ಅಲ್ಲಿಯೇ. ಅದು ಬಳಕೆಗೆ ಸಿದ್ಧವಾಗಲು ಆರು ವಾರಗಳಿಂದ ಕೆಲವು ತಿಂಗಳು ಬೇಕು. ಮೊದಲೇ ಸಿದ್ಧತೆ ಮಾಡಿಕೊಳ್ಳದವರಿಗೆ ಕುತ್ತಿಗೆಯಲ್ಲಿ ಕೊಳವೆ ಹಾಕಿ ತುರ್ತಾಗಿ ಆರಂಭಿಸಬೇಕಾಗುತ್ತದೆ, ಅದರಲ್ಲಿ ಸೋಂಕಿನ ಅಪಾಯ ಹೆಚ್ಚು.

ಡಯಾಲಿಸಿಸ್ ಯಾವಾಗ ಶುರು ಮಾಡಬೇಕೆಂಬುದನ್ನು ಕ್ರಿಯಾಟಿನಿನ್ ಅಂಕಿಯೊಂದೇ ನಿರ್ಧರಿಸುವುದಿಲ್ಲ. ಹಸಿವಿಲ್ಲದೆ ತೂಕ ಇಳಿಯುವುದು, ನಿಲ್ಲದ ವಾಂತಿ, ಔಷಧಕ್ಕೆ ಬಗ್ಗದ ಬಾವು ಅಥವಾ ಪೊಟ್ಯಾಸಿಯಂ ಇವುಗಳನ್ನು ನೋಡಿ ನಿರ್ಧರಿಸುತ್ತಾರೆ. ಯಂತ್ರದ ಮೂಲಕ ರಕ್ತವನ್ನು ಸೋಸುವ ಹಿಮೋಡಯಾಲಿಸಿಸ್ ಆದರೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಹೊಟ್ಟೆಯ ಒಳಪೊರೆಯನ್ನೇ ಬಳಸುವ ಪೆರಿಟೋನಿಯಲ್ ಡಯಾಲಿಸಿಸ್ ಅನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಸಲ ದ್ರವವನ್ನು ತುಂಬಿ ಹೊರಬಿಡುತ್ತಾರೆ, ಇಲ್ಲವೇ ರಾತ್ರಿ ಮಲಗಿರುವಾಗ ಯಂತ್ರ ಆ ಕೆಲಸ ಮಾಡುತ್ತದೆ. ಕೆಲಸಕ್ಕೆ ಹೋಗುವವರಿಗೆ, ಆಸ್ಪತ್ರೆಯಿಂದ ದೂರ ಇರುವವರಿಗೆ ಇದು ಹೆಚ್ಚು ಅನುಕೂಲಕರವಾಗಬಹುದು. ಆದ್ದರಿಂದ ಎರಡರ ಬಗ್ಗೆಯೂ ಕೇಳಿ ತಿಳಿದುಕೊಂಡೇ ತೀರ್ಮಾನಿಸಬೇಕು. ವಯಸ್ಸು ಬಹಳವಾಗಿ, ಬೇರೆ ಗಂಭೀರ ಕಾಯಿಲೆಗಳೂ ಇರುವ ಕೆಲವರು ಡಯಾಲಿಸಿಸ್ ಬೇಡವೆಂದು, ಲಕ್ಷಣಗಳ ಉಪಶಮನಕ್ಕೆ ಮಾತ್ರ ಚಿಕಿತ್ಸೆ ಪಡೆಯುತ್ತಾರೆ. ಅದೂ ಒಂದು ಗೌರವಯುತವಾದ ವೈದ್ಯಕೀಯ ಆಯ್ಕೆ, ಮನೆಯವರು ಅದನ್ನು ಕೈಬಿಟ್ಟದ್ದೆಂದು ಭಾವಿಸಬೇಕಿಲ್ಲ.

ಸಾಧ್ಯವಿರುವವರಿಗೆ ಎಲ್ಲಕ್ಕಿಂತ ಉತ್ತಮ ಚಿಕಿತ್ಸೆ ಕಿಡ್ನಿ ಕಸಿ. 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮತ್ತು ಅವರ ತಂಡ ಅವಳಿ ಸಹೋದರರ ನಡುವೆ ಮೊದಲ ಯಶಸ್ವಿ ಕಸಿ ನಡೆಸಿತು. ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಔಷಧಗಳು ಬಂದ ಮೇಲೆ ಅವಳಿಗಳಲ್ಲದವರ ನಡುವೆಯೂ ಇದು ಸಾಧ್ಯವಾಯಿತು. ದಾನಿ ಸಿದ್ಧರಿದ್ದರೆ ಡಯಾಲಿಸಿಸ್ ಆರಂಭಿಸುವ ಮೊದಲೇ ಕಸಿ ಮಾಡಬಹುದು, ಫಲಿತಾಂಶವೂ ಆಗ ಚೆನ್ನಾಗಿರುತ್ತದೆ. ಆದ್ದರಿಂದ ಇಜಿಎಫ್ಆರ್ 20ರ ಹತ್ತಿರ ಬರುತ್ತಿರುವಾಗಲೇ ಈ ಮಾತು ಎತ್ತಬೇಕು. ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯದೆ, ಹೊಸದನ್ನು ಕಿಬ್ಬೊಟ್ಟೆಯಲ್ಲಿ ಕೂರಿಸುತ್ತಾರೆ. ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್‌ನಂಥ ಮಾತ್ರೆಗಳನ್ನು ಆ ಕಿಡ್ನಿ ಕೆಲಸ ಮಾಡುತ್ತಿರುವಷ್ಟು ಕಾಲವೂ, ಒಂದು ದಿನವೂ ತಪ್ಪದೆ, ನಿಗದಿತ ಹೊತ್ತಿಗೆ ನುಂಗಬೇಕು. ಈ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ತಿಳಿಸಬೇಕು. ಬೇರೆ ಯಾವ ವೈದ್ಯರ ಬಳಿ ಹೋದರೂ ಹೊಸ ಔಷಧವನ್ನು ತೆಗೆದುಕೊಳ್ಳುವ ಮುನ್ನ ಕಸಿ ತಂಡವನ್ನು ಕೇಳಬೇಕು, ಏಕೆಂದರೆ ಕೆಲವು ಸಾಮಾನ್ಯ ಆಂಟಿಬಯಾಟಿಕ್‌ಗಳೂ ಶಿಲೀಂಧ್ರದ ಔಷಧಗಳೂ ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟವನ್ನು ಅಪಾಯದ ಮಟ್ಟಕ್ಕೆ ಏರಿಸುತ್ತವೆ.